ಗಿಡ್ಡ ದನ ಇನ್ನೂ ಗಿಡ್ಡ ಆದದ್ದು: ಫೋಟೊ ನೋಡಿ ಕ್ರೋಶಾ ಗ್ರಾಫ್ ಮಾಡಿಕೊಡುವವರ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರೂವರೆ ಸ್ಟಾರ್. ಮೊದಲ ಗ್ರಾಫ್ ಮಾತ್ರ ಲೆಕ್ಕಕ್ಕೆ ಹಿಡಿದಿದ್ದರೆ ಒಂದೂವರೆ ಕೊಡುವವಳಿದ್ದೆ. ಎರಡನೆಯದು ಬಂದ ಮೇಲೆ ಸಿಟ್ಟು ಇಳಿಯಿತು. ಅರ್ಧ ಸ್ಟಾರ್ ಅವರು ಉತ್ತರ ಕೊಟ್ಟ ರೀತಿಗೆ ಕಳೆದದ್ದು. ಅದು ಮುಂದೆ ಬರುತ್ತದೆ.

ನಾನು ದುಡ್ಡು ಕೊಟ್ಟು ತೆಗೆದುಕೊಂಡದ್ದು ಕಂಬಳಿ ಅಲ್ಲ, ಕಂಬಳಿಯ ಗ್ರಾಫ್. ನಮ್ಮದೇ ಒಂದು ಫೋಟೊ ವಾಟ್ಸಾಪ್‌ನಲ್ಲಿ ಕಳಿಸಬೇಕು, 650 ರೂಪಾಯಿ ಹಾಕಬೇಕು. ನಾಲ್ಕು ದಿನಕ್ಕೆ ಅವರು ಆ ಫೋಟೊವನ್ನು ಸಣ್ಣ ಸಣ್ಣ ಚೌಕ ಮಾಡಿ ಪಿಡಿಎಫ್ ಕಳಿಸುತ್ತಾರೆ. ಒಂದು ಚೌಕ ಅಂದರೆ ಕ್ರೋಶಾದ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಉಲ್ಲನ್ ಹೆಣೆಯುವ ಕೆಲಸದ, ಒಂದು ಹೊಲಿಗೆ. ಯಾವ ಚೌಕಕ್ಕೆ ಯಾವ ಬಣ್ಣವೋ ಆ ಬಣ್ಣದ ಉಲ್ಲನ್ ಹಿಡಿದು ಹಾಕುತ್ತಾ ಹೋದರೆ ಕೊನೆಗೆ ಫೋಟೊ ಕಂಬಳಿಯ ಮೇಲೆ ಬಂದು ಕೂತಿರುತ್ತದೆ. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಕಷ್ಟ ಅಲ್ಲ. ಎಣಿಕೆ ತಪ್ಪದೆ ಕೂರುವ ತಾಳ್ಮೆ ಇದ್ದರಾಯಿತು.

ಅವರ ಹೆಸರು ಹಾಕುವುದಿಲ್ಲ. ಒಬ್ಬರೇ ಮನೆಯಲ್ಲಿ ಕೂತು ನಡೆಸುವ ವ್ಯಾಪಾರದ ಹಾಗೆ ಕಾಣುತ್ತದೆ, ಕೊನೆಗೆ ಸರಿ ಮಾಡಿಯೂ ಕೊಟ್ಟರು. ಆದರೆ ಹೀಗೆ ಗ್ರಾಫ್ ಮಾಡಿಕೊಡುವವರು ಈಗ ತುಂಬ ಮಂದಿ ಇದ್ದಾರೆ. ನನಗೆ ಆದದ್ದು ಅವರಲ್ಲಿ ಯಾರ ಹತ್ತಿರವೂ ಆಗಬಹುದು. ಅದಕ್ಕೆ ಇಷ್ಟು ಬರೆಯುವುದು.

ಫೋಟೊ ಯಾರದ್ದು ಅಂತ ಕೇಳುತ್ತೀರಿ. ನಮ್ಮ ಗೌರಿಯದ್ದು. ದನ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಗೌರಿ ಕಾಸರಗೋಡು ಗಿಡ್ಡ ತಳಿ. ಈ ತಳಿ ನೋಡದವರಿಗೆ ಹೇಳುತ್ತೇನೆ, ಪೂರ್ತಿ ಬೆಳೆದ ದನವೂ ಒಂದು ಮೀಟರ್ ಎತ್ತರ ದಾಟುವುದು ಅಪರೂಪ. ನಮ್ಮ ಸೊಂಟಕ್ಕೆ ಬರುತ್ತದೆ, ಅಷ್ಟೇ. ಗುಡ್ಡೆಯಲ್ಲಿ ತಾನೇ ಮೇಯ್ದು ಬರುತ್ತದೆ. ಮಳೆಗೆ ಹೆದರುವುದಿಲ್ಲ. ಹಾಲು ಸ್ವಲ್ಪ, ಗತ್ತು ಜಾಸ್ತಿ. ಈ ತಳಿ ಉಳಿಸಲಿಕ್ಕೆ ಅಂತಲೇ ಸರಕಾರದ ಫಾರ್ಮ್ ಒಂದು ಇಲ್ಲಿ ಬೇಳದಲ್ಲಿ ಉಂಟು. ಗೌರಿ ಹೋದ ವರ್ಷ ತೀರಿಕೊಂಡಳು. ಅವಳನ್ನು ಕರು ಇದ್ದಾಗಿನಿಂದ ಸಾಕಿದ್ದು ನನ್ನ ಅತ್ತೆ. ಅತ್ತೆಗೆ ಈಗ 81. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಜಗಲಿಯಲ್ಲಿ ಕೂತರೆ ಕಾಲು ತಣ್ಣಗಾಗುತ್ತದೆ ಅಂತ ಹಳೆಯ ಶಾಲು ಒಂದನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಆ ಶಾಲಿನ ಜಾಗಕ್ಕೆ ಗೌರಿ ಬರಲಿ ಅಂತ ನನ್ನ ಆಸೆ. ಕಾಸರಗೋಡಿನ ಸೆಕೆಗೆ ಉಲ್ಲನ್ ಕಂಬಳಿಯಾ ಅಂತ ನಗಬೇಡಿ. ಕಾಲು ಮುಚ್ಚಿದರೆ ಸಾಕು. ಒಂದು ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರ ಅಂತ ಲೆಕ್ಕ ಹಾಕಿದ್ದೆ.

ವಿಷು ಕಳೆದ ವಾರ ಫೋಟೊ ಕಳಿಸಿದೆ. ಮಗ ಮೊಬೈಲಿನಲ್ಲಿ ತೆಗೆದದ್ದು. ಗೌರಿ ಅಡಿಕೆ ಮರದ ಕೆಳಗೆ ಅಡ್ಡಕ್ಕೆ ನಿಂತು, ಯಾರೋ ಕರೆದ ಹಾಗೆ ಮುಖ ತಿರುಗಿಸಿ ನೋಡುತ್ತಿದ್ದಾಳೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಅಗಲ ಎಷ್ಟು ಬೇಕು? ಬಣ್ಣ ಎಷ್ಟರ ಒಳಗೆ ಇರಬೇಕು? ಮೂರನೆಯ ಪ್ರಶ್ನೆ ಒಂದು ಕೇಳಬೇಕಿತ್ತು. ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಗ್ರಾಫ್ ಬಂದಾಗ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಅಡ್ಡಕ್ಕೆ 150 ಚೌಕ, ಮೇಲಕ್ಕೆ 120 ಸಾಲು, 7 ಬಣ್ಣ. ಹತ್ತು ಚೌಕಕ್ಕೊಂದು ದಪ್ಪ ಗೆರೆ. ಪ್ರತಿ ಬಣ್ಣಕ್ಕೂ ಒಂದು ಗುರುತು, ಒಂದಕ್ಕೆ ಚುಕ್ಕಿ, ಇನ್ನೊಂದಕ್ಕೆ ಗುಣಾಕಾರ, ಹೀಗೆ. ಬದಿಯಡ್ಕ ಪೇಟೆಯಲ್ಲಿ ಪ್ರಿಂಟ್ ತೆಗೆಸಿದಾಗ ಎರಡು ಕಂದು ಬಣ್ಣ ಒಂದೇ ತರ ಕಂಡಿತು. ಆ ಗುರುತು ಇಲ್ಲದಿದ್ದರೆ ನಾನು ಕೆಟ್ಟೆ. ಗ್ರಾಫಿನ ಜೊತೆ ಪ್ರತಿ ಸಾಲನ್ನೂ ಅಕ್ಷರದಲ್ಲಿ ಬರೆದು ಕೊಟ್ಟಿದ್ದರು. 'ಸಾಲು 31, ಬಲದಿಂದ ಎಡಕ್ಕೆ: ಹಸಿರು 42, ಕಪ್ಪು 3, ಕಂದು 9...' ಅಂತ. ಒಂದು ಸಾಲು ಬಲದಿಂದ ಎಡಕ್ಕೆ, ಕಂಬಳಿ ತಿರುಗಿಸಿದ ಮೇಲೆ ಮುಂದಿನ ಸಾಲು ಎಡದಿಂದ ಬಲಕ್ಕೆ. ಇದನ್ನು ಸರಿಯಾಗಿ ಬರೆಯದೆ ಚಿತ್ರ ಹಲ್ಲು ಹಲ್ಲಾಗಿ ಹೋದ ಕತೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಇವರದ್ದು ಒಂದೂ ತಪ್ಪಿರಲಿಲ್ಲ. ಆ ವಿಷಯಕ್ಕೆ ಪೂರ್ತಿ ಮಾರ್ಕು.

ಎಡಗೈಯವರು ಮಾತ್ರ ಜಾಗ್ರತೆ. ನನ್ನ ನಾದಿನಿ ಎಡಗೈಯವಳು. ಅವಳು ಈ ಅಕ್ಷರದ ಲೆಕ್ಕವನ್ನು ಹಾಗೇ ಹಿಡಿದು ಹಾಕಿದರೆ ದನ ಆಚೆಗೆ ಮುಖ ಮಾಡಿ ನಿಲ್ಲುತ್ತದೆ.

ಫೋಟೊ ಹಾಕಿದರೆ ಕಂಪ್ಯೂಟರೇ ಗ್ರಾಫ್ ಮಾಡುತ್ತದೆ, 650 ಯಾಕೆ ದಂಡ ಅಂತ ಮಗ ಕೇಳಿದ. ಮಾಡುತ್ತದೆ, ನಿಜ. ಸ್ಟಿಚ್ ಫಿಡ್ಲ್ ಅಂತ ಒಂದು ವೆಬ್‌ಸೈಟಿನಲ್ಲಿ ನಾನೇ ಒಮ್ಮೆ ಮಾಡಿ ನೋಡಿದ್ದೇನೆ. ಆದರೆ ಕಂಪ್ಯೂಟರಿಗೆ ದನದ ಕಿವಿ ಯಾವುದು, ಕಿವಿಯ ಹಿಂದಿನ ಅಡಿಕೆ ಸೋಗೆಯ ನೆರಳು ಯಾವುದು ಅಂತ ಗೊತ್ತಾಗುವುದಿಲ್ಲ. ಹಸಿರಿನ ನಡುವೆ ಒಂದೇ ಒಂದು ಕಂದು ಚೌಕ, ನಾಲ್ಕು ಚೌಕ ಬಿಟ್ಟು ಒಂದೇ ಒಂದು ಬಿಳಿ ಚೌಕ, ಸಾಸಿವೆ ಎರಚಿದ ಹಾಗೆ ಬೀಳುತ್ತದೆ. ಪರದೆಯಲ್ಲಿ ಅದು ಚೆಂದ. ಕೈಯಲ್ಲಿ ಹಾಕುವಾಗ ಆ ಒಂಟಿ ಚೌಕಕ್ಕೆ ಅಂತ ಬೇರೆ ಎಳೆ ತಂದು, ಒಂದು ಹೊಲಿಗೆ ಹಾಕಿ, ಕತ್ತರಿಸಿ, ಎರಡು ತುದಿ ಸಿಕ್ಕಿಸಬೇಕು. ನೂರು ಒಂಟಿ ಚೌಕ ಇದ್ದರೆ ಇನ್ನೂರು ತುದಿ. ಇವರು ಅದನ್ನೆಲ್ಲ ಕೈಯಲ್ಲೇ ಗುಡಿಸಿ ತೆಗೆದಿದ್ದರು. ಗೌರಿಯ ಕಣ್ಣಿನ ಹೊಳಪಿಗೆ ಬೇಕಾದ ಎರಡು ಬಿಳಿ ಚೌಕ ಮಾತ್ರ ಉಳಿಸಿದ್ದರು. ನಾನು ದುಡ್ಡು ಕೊಟ್ಟದ್ದು ಈ ಕಣ್ಣಿಗೆ.

ಮೇ ತಿಂಗಳಲ್ಲಿ ಶುರು ಮಾಡಿದೆ. 5 ಮಿಲಿಮೀಟರ್ ಕಡ್ಡಿ, ಅಕ್ರಿಲಿಕ್ ಉಲ್ಲನ್, ಸಿಂಗಲ್ ಅನ್ನುವ ಸಾದಾ ಹೊಲಿಗೆ.

ಇಲ್ಲಿ ಒಂದು ಮಾತು. ನನಗೆ ಕ್ರೋಶಾ ಕಲಿಸಿದ್ದು ಕಾನ್ವೆಂಟಿನ ಸಿಸ್ಟರ್ ಒಬ್ಬರು. ಹೊಲಿಗೆಯ ಹೆಸರಿಗೆ ಅವರದ್ದು ಬ್ರಿಟಿಷ್ ಲೆಕ್ಕ. ಅವರು ಡಬಲ್ ಅಂದದ್ದನ್ನು ಅಮೆರಿಕದವರು ಸಿಂಗಲ್ ಅನ್ನುತ್ತಾರೆ. ಅವರ ಟ್ರೆಬಲ್ ಅಮೆರಿಕದ ಡಬಲ್. ಪಿಡಿಎಫ್‌ನಲ್ಲಿ ಇದ್ದದ್ದು ಅಮೆರಿಕದ್ದು, ಹಾಗಂತ ಎಲ್ಲೂ ಬರೆದಿರಲಿಲ್ಲ. ನಾನು ಯೂಟ್ಯೂಬ್ ನೋಡಿ ನೋಡಿ ಎರಡೂ ಭಾಷೆ ಕಲಿತವಳು, ಹಾಗಾಗಿ ಬಚಾವಾದೆ. ನಿಮ್ಮ ಟೀಚರ್ ಕಾನ್ವೆಂಟಿನವರಾದರೆ ಮೊದಲೇ ಕೇಳಿಕೊಳ್ಳಿ.

ಸಿಂಗಲ್ ಹೊಲಿಗೆಯಲ್ಲಿ ಚಿತ್ರ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಅಂದರೆ ಮೊದಲು ಹುಲ್ಲು, ಆಮೇಲೆ ಗೊರಸು, ಆಮೇಲೆ ಕಾಲು. ನಲವತ್ತನೇ ಸಾಲಿಗೆ ಕಾಲು ಮುಗಿದಾಗ ಏನೋ ಮೋಟು ಕಂಡಿತು. ಗಿಡ್ಡ ದನ ಅಲ್ವಾ, ಕಾಲು ಗಿಡ್ಡವೇ ಇರುವುದು ಅಂತ ಸಮಾಧಾನ ಮಾಡಿಕೊಂಡೆ. ಐವತ್ತು ದಾಟಿತು. ಹೊಟ್ಟೆ ಬಂತು. ಅತ್ತೆಗೆ ಕಾಣದ ಹಾಗೆ ಮಧ್ಯಾಹ್ನ ಅವರು ಮಲಗಿದ ಮೇಲೆ ಹಾಕುತ್ತಿದ್ದೆ. ಅರವತ್ತಾರನೇ ಸಾಲಿನ ದಿನ ಅವರು ಬೇಗ ಎದ್ದು ಬಂದರು. ನನ್ನ ಮಡಿಲಲ್ಲಿದ್ದದ್ದನ್ನು ಎತ್ತಿ, ಕೈ ಚಾಚಿ ಹಿಡಿದು, ಒಂದು ನಿಮಿಷ ನೋಡಿದರು.

"ಇದೆಂತರ ಕೂಸೆ, ಎಂಗಳ ಗೌರಿಯ ಆರು ಮೆಟ್ಟಿದ್ದು?"

ಯಾರೋ ಮೇಲಿನಿಂದ ಕಾಲಿಟ್ಟು ಮೆಟ್ಟಿದ ಹಾಗೇ ಇದ್ದಳು ಗೌರಿ. ಉದ್ದ ಬೆನ್ನು, ಚಪ್ಪಟೆ ಹೊಟ್ಟೆ, ಅಂಗೈಯಷ್ಟು ಕಾಲು.

ಅವತ್ತು ರಾತ್ರಿ ಮಗನ ಹಳೆಯ ಸ್ಕೇಲ್ ಹಿಡಿದು ಅಳೆದೆ. ತಪ್ಪು ಆಗಲೇ ಗೊತ್ತಾದದ್ದು. ಗ್ರಾಫಿನ ಚೌಕ ನಾಲ್ಕೂ ಬದಿ ಸಮ. ಸಿಂಗಲ್ ಹೊಲಿಗೆ ಹಾಗಲ್ಲ. ಅದರ ಅಗಲ ಜಾಸ್ತಿ, ಎತ್ತರ ಕಡಿಮೆ. ನನ್ನ ಕೈಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 15 ಹೊಲಿಗೆ ಹಿಡಿಯುತ್ತದೆ, 10 ಸೆಂಟಿಮೀಟರ್ ಎತ್ತರಕ್ಕೆ 18 ಸಾಲು ಬೇಕು. 150 ಹೊಲಿಗೆಗೆ ಅಗಲ ಸರಿಯಾಗಿ ಒಂದು ಮೀಟರ್ ಬಂತು. ಅದೇ ಅಳತೆಯಲ್ಲಿ 120 ಸಾಲಿಗೆ 80 ಸೆಂಟಿಮೀಟರ್ ಎತ್ತರ ಬರಬೇಕಿತ್ತು. ಬರುವುದು 67 ಮಾತ್ರ. ಹದಿಮೂರು ಸೆಂಟಿಮೀಟರ್ ದನ ಮಾಯ. ಎತ್ತರದ ಸಿಂಧಿ ದನ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಮೊದಲೇ ಗಿಡ್ಡ, ಅದರಲ್ಲೂ ಕತ್ತರಿ.

ಅವರು ಕೇಳದೇ ಬಿಟ್ಟ ಮೂರನೆಯ ಪ್ರಶ್ನೆ ಇದೇ. ಯಾವ ಹೊಲಿಗೆಯಲ್ಲಿ ಹಾಕುತ್ತೀರಿ, 10 ಸೆಂಟಿಮೀಟರಿಗೆ ಎಷ್ಟು ಹೊಲಿಗೆ, ಎಷ್ಟು ಸಾಲು? ಗ್ರಾಫ್ ಮಾರುವವರು ಮೊದಲು ಕೇಳಬೇಕಾದದ್ದು ಅದನ್ನು. ಬಣ್ಣದ ಮಾತೆಲ್ಲ ಆಮೇಲೆ.

ಮೆಸೇಜ್ ಹಾಕಿದೆ. ಮರುದಿನ ಉತ್ತರ ಬಂತು. 'ಗ್ರಾಫ್ ಕರೆಕ್ಟ್ ಇದೆ ಮೇಡಂ. ನಿಮ್ಮ ಕೈ ಬಿಗಿ.' ಜೊತೆಗೆ ಕೈ ಮುಗಿದ ಒಂದು ಚಿತ್ರ. ಅರ್ಧ ಸ್ಟಾರ್ ಹೋದದ್ದು ಇಲ್ಲಿ. ಕೈ ಬಿಗಿಯಾದರೆ ಇಡೀ ದನ ಸಣ್ಣದಾಗಬೇಕು ಅಲ್ವಾ? ಅಗಲ ಅಳತೆಗೆ ಸರಿಯಾಗಿದ್ದು ಎತ್ತರ ಮಾತ್ರ ಕುಗ್ಗುವುದು ಹೇಗೆ? ನಾನು ಮತ್ತೆ ವಾದ ಮಾಡಲಿಲ್ಲ. ಹತ್ತಕ್ಕೆ ಹತ್ತು ಸೆಂಟಿಮೀಟರ್ ಕಾಣುವ ಹಾಗೆ ಹೊಲಿಗೆಯ ಮೇಲೆ ಸ್ಕೇಲ್ ಇಟ್ಟು ಫೋಟೊ ಕಳಿಸಿದೆ. ಒಂದು ದಿನ ಸುದ್ದಿ ಇಲ್ಲ. ಮತ್ತೆ ಬಂತು, '150 ಹಾಕಿ, ಹೊಸದು ಮಾಡಿ ಕೊಡುತ್ತೇನೆ.' ಜಗಳ ಮಾಡಿದ್ದರೆ ಬಿಟ್ಟಿಯಾಗಿ ಸಿಗುತ್ತಿತ್ತೇನೋ. ಮಳೆ ಶುರುವಾಗಿತ್ತು, ನನಗೆ ಕಂಬಳಿ ಮುಗಿಯಬೇಕಿತ್ತು. ಹಾಕಿದೆ.

66 ಸಾಲು ಬಿಚ್ಚಿದೆ. 9,900 ಹೊಲಿಗೆ. ಹಾಕುವಾಗ ಒಂದು ತಿಂಗಳು, ಬಿಚ್ಚುವಾಗ ಎರಡು ಸಂಜೆ. ಬಿಚ್ಚಿದ ಉಲ್ಲನ್ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ. ಅದಕ್ಕೆ ಇಸ್ತ್ರಿ ಪೆಟ್ಟಿಗೆ ತೋರಿಸಬೇಡಿ, ಅಕ್ರಿಲಿಕ್ ಬಿಸಿಗೆ ಸತ್ತು ಜೋಲು ಬೀಳುತ್ತದೆ. ಒದ್ದೆ ಮಾಡಿ, ಲಡಿ ಕಟ್ಟಿ, ಕೆಳಗೆ ಭಾರಕ್ಕೆ ತೆಂಗಿನಕಾಯಿ ನೇತು ಹಾಕಿ ಒಣಗಿಸಿದೆ. ಜೂನ್ ತಿಂಗಳಲ್ಲಿ ನಮ್ಮಲ್ಲಿ ಒಂದು ವಸ್ತ್ರ ಒಣಗಲಿಕ್ಕೇ ಮೂರು ದಿನ ಬೇಕು, ಉಲ್ಲನ್ ಲಡಿಯ ಕತೆ ಹೇಳುವುದು ಬೇಡ. ಅಡಿಗೆ ಕೋಣೆಯ ಒಲೆಯ ಮೇಲಿನ ಅಟ್ಟದ ಹತ್ತಿರ ಕಟ್ಟಿದ್ದೆ. ಕಂಬಳಿಗೆ ಈಗಲೂ ಸ್ವಲ್ಪ ಹೊಗೆಯ ಪರಿಮಳ ಉಂಟು.

ಎರಡನೆಯ ಗ್ರಾಫ್ ನಿಜಕ್ಕೂ ಒಳ್ಳೆಯದಿತ್ತು. ಅಗಲ ಅದೇ 150, ಸಾಲು 144. 18 ಸಾಲಿಗೆ 10 ಸೆಂಟಿಮೀಟರ್ ಆದರೆ 144 ಸಾಲಿಗೆ 80, ಲೆಕ್ಕ ಕೂತಿತು. ಕಾಗದದಲ್ಲಿ ನೋಡಿದರೆ ಗೌರಿ ಕುದುರೆಯ ಹಾಗೆ ಎತ್ತರಕ್ಕೆ ನಿಂತಿದ್ದಳು. ನನ್ನವರು ಹೆದರಿ, "ಇದು ಆ ಕಡೆಯ ಎಡವಟ್ಟು" ಅಂದರು. ಉಲ್ಲನ್ನಿಗೆ ಇಳಿದ ಮೇಲೆ ಸರಿಯಾದ ದನ ಆದಳು. ಬರೇ ಸಾಲು ಹಿಗ್ಗಿಸಿ ಕೈ ತೊಳೆದುಕೊಂಡಿರಲಿಲ್ಲ. ಕೊಂಬಿನ ತುದಿ, ಕಿವಿಯ ಬಾಗು ಎಲ್ಲ ಮತ್ತೆ ಕೂತು ತಿದ್ದಿದ್ದು ಕಾಣುತ್ತಿತ್ತು.

ಅವರೇ ಕೇಳದೆ ಇನ್ನೊಂದು ಗ್ರಾಫ್ ಕೂಡ ಕಳಿಸಿದ್ದರು, ಕಾರ್ನರ್ ಟು ಕಾರ್ನರ್ ಅನ್ನುವ ಬಗೆಯದ್ದು. ಅದರಲ್ಲಿ ಕಂಬಳಿ ಒಂದು ಮೂಲೆಯಿಂದ ಓರೆಯಾಗಿ ಬೆಳೆಯುತ್ತದೆ. ಮೂರು ಕಂಬ (ಎತ್ತರದ ಹೊಲಿಗೆ), ಮೂರು ಚೈನ್ (ಸರಪಳಿ ಹೊಲಿಗೆ) ಸೇರಿ ಒಂದು ಬಿಲ್ಲೆ. ಬಿಲ್ಲೆ ನಾಲ್ಕೂ ಬದಿ ಸಮ ಇರುವುದರಿಂದ ಚಿತ್ರ ಮೆಟ್ಟಿದ ಹಾಗೆ ಆಗುವುದಿಲ್ಲ. ಆದರೆ ನನ್ನ ಕೈಯಲ್ಲಿ ಒಂದು ಬಿಲ್ಲೆ ಸುಮಾರು 2 ಸೆಂಟಿಮೀಟರ್. ಹಳೆಯ 150 ಚೌಕದ ಗ್ರಾಫನ್ನು ಹಾಗೆ ಹಾಕಿದ್ದರೆ ಕಂಬಳಿ 3 ಮೀಟರ್ ಆಗಿ ದನದ ಹಟ್ಟಿಗೆ ಪರದೆ ಕಟ್ಟಬಹುದಿತ್ತು. ಅವರು ಅದನ್ನು 60 ಬಿಲ್ಲೆಗೆ ಇಳಿಸಿದ್ದರು. ಇಳಿಸಿದಾಗ ಗೌರಿಯ ಕಣ್ಣು ಒಂದೇ ಬಿಲ್ಲೆ ಆಯಿತು. ದಿಟ್ಟಿಬೊಂಬೆಯ ಕಣ್ಣು. ಹೆಸರು ಬರೆಯಲಿಕ್ಕೆ, ಹೂವಿಗೆ, ಮಕ್ಕಳ ಕಂಬಳಿಗೆ ಅದು ಸಾಕು, ಬೇಗವೂ ಆಗುತ್ತದೆ. ಮುಖಕ್ಕೆ ಸಿಂಗಲ್ ಹೊಲಿಗೆಯೇ ಬೇಕು ಅಂತ ನನ್ನ ಅಭಿಪ್ರಾಯ.

ಒಂದು ದೂರು ಹಾಗೇ ಉಳಿದಿದೆ. ಉಲ್ಲನ್ ಎಷ್ಟು ಬೇಕು ಅಂತ ಅವರು ಕೊಟ್ಟ ಲೆಕ್ಕ 450 ಗ್ರಾಂ. ಹೊಸ ಗ್ರಾಫಿಗೆ ಸಾಲು ಹೆಚ್ಚಿದರೂ ಅದೇ 450 ಬರೆದಿತ್ತು. ನನಗೆ ಹಿಡಿದದ್ದು 700ರ ಹತ್ತಿರ. ಪಕ್ಕದ ಬಣ್ಣವನ್ನು ಕತ್ತರಿಸದೆ ಹೊಲಿಗೆಯ ಒಳಗೇ ಅಡಗಿಸಿ ಎಳೆದುಕೊಂಡು ಹೋದರೆ ಉಲ್ಲನ್ ಜಾಸ್ತಿ ಬೇಕೇ ಬೇಕು. ಅದು ಅವರ ಲೆಕ್ಕದಲ್ಲಿ ಇರಲಿಲ್ಲ. ದೂರದ ಬಣ್ಣಗಳಿಗೆ ನಾನು ಬೇರೆ ಬೇರೆ ಎಳೆ ಹಿಡಿದಿದ್ದೆ, ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಸುತ್ತಿ ಹಿಂದೆ ನೇತಾಡಲಿಕ್ಕೆ ಬಿಟ್ಟು. ನನ್ನವರು ಹಿಂದುಗಡೆ ತಿರುಗಿಸಿ ನೋಡಿ, "ಒಂದು ದನಕ್ಕೆ ಎಷ್ಟು ಬಾಲ" ಅಂದರು.

ಕಡಿಮೆ ಹೇಳಿದ ಲೆಕ್ಕ ನಂಬಿ ಕಡಿಮೆ ತಂದೆ. ನಡು ಕಂದು ಕಾಸರಗೋಡು ಪೇಟೆಯಲ್ಲಿ ಸಿಕ್ಕಿರಲಿಲ್ಲ, ಮಂಗಳೂರಿಗೆ ಹೋಗಿ ತಂದದ್ದು. ಬೆನ್ನು ಬರುವಾಗ ಮುಗಿಯಿತು. ಮತ್ತೆ ಹೋಗಿ ತಂದೆ, ಅದೇ ಕಂಪನಿ, ಅದೇ ಬಣ್ಣದ ನಂಬರ್. ಆದರೆ ಲಾಟ್ ಬೇರೆ. ಒಮ್ಮೆ ಬಣ್ಣ ಅದ್ದಿದ ಹಾಗೆ ಇನ್ನೊಮ್ಮೆ ಬರುವುದಿಲ್ಲ, ಉಂಡೆಯ ಲೇಬಲಿನಲ್ಲಿ ಲಾಟ್ ನಂಬರ್ ಬೇರೆಯೇ ಇರುತ್ತದೆ. ಅದನ್ನು ನೋಡದೆ ತಂದದ್ದು ನನ್ನ ತಪ್ಪು. ಹಗಲು ಬೆಳಕಿನಲ್ಲಿ ಹಿಡಿದರೆ ಗೌರಿಯ ಬೆನ್ನಿನಲ್ಲಿ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ನೀವು ತರುವಾಗ ಅವರು ಹೇಳಿದ ಲೆಕ್ಕದ ಒಂದೂವರೆ ಪಾಲು ಒಟ್ಟಿಗೇ ತನ್ನಿ. ಉಳಿದರೆ ಬಾಗಿಲಿನ ತೋರಣಕ್ಕಾಯಿತು.

ದಿನಕ್ಕೆ ಮೂರು ಸಾಲು. 48 ದಿನ. ಗ್ರಾಫಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಮುಗಿದ ಸಾಲಿಗೆ ಪೆನ್ಸಿಲ್ ಗೀಟು. ಯಾರಾದರೂ ನಡುವೆ ಮಾತಾಡಿಸಿದರೆ ನಾನು ದೊಡ್ಡದಾಗಿ "ಮೂವತ್ತೇಳು, ಮೂವತ್ತೆಂಟು" ಅಂತ ಎಣಿಸುವುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸ ಆಗಿಹೋಯಿತು. ತುದಿ ಸಿಕ್ಕಿಸಲಿಕ್ಕೇ ಮತ್ತೆ ನಾಲ್ಕು ದಿನ.

ಆಟಿಯ ಕೊನೆಗೆ ಕೊಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಿವಿಯ ಹತ್ತಿರ ಬೆರಳಾಡಿಸಿದರು. "ಈಗ ಅಪ್ಪು" ಅಂದರು, ಈಗ ಹೌದು ಅಂತ. ಬೆನ್ನಿನ ಗೆರೆ ತೋರಿಸಿ ನಾನೇ ಹೇಳಿಬಿಟ್ಟೆ, ಅಲ್ಲಿ ಬಣ್ಣ ಬೇರೆ ಆಯಿತು ಅಂತ. ಅದು ಹಗ್ಗ ತಾಗಿದ ಗುರುತು, ಅವಳಿಗೆ ಇತ್ತು ಅಂದರು. ಇರಲಿಲ್ಲ. ನನಗೆ ಗೊತ್ತು. ಸುಮ್ನೆ ಇದ್ದೆ.

ಶಾಲು ಮಾತ್ರ ಬಿಟ್ಟಿಲ್ಲ. ಕಾಲಿಗೆ ಶಾಲು, ಕಂಬಳಿ ಕುರ್ಚಿಯ ಬೆನ್ನಿಗೆ. ಬಂದವರಿಗೆಲ್ಲ ಕಾಣಬೇಕಲ್ಲ.

ಹಾಗೆ ಬಂದು ನೋಡಿದವರಲ್ಲಿ ನಮ್ಮ ಭಾವನೂ ಒಬ್ಬರು. ಅವರಿಗೆ ಯಕ್ಷಗಾನದ ಹುಚ್ಚು, ಊರಿನ ಸಂಘದಲ್ಲಿ ವೇಷ ಮಾಡುತ್ತಾರೆ. ಕಿರೀಟ, ಎದೆ ಪದಕ, ಭುಜಕೀರ್ತಿ ಎಲ್ಲ ಕಟ್ಟಿ ನಿಂತ ಫೋಟೊ ಕಳಿಸಿ, ಇದನ್ನೂ ಒಂದು ಹಾಕಿ ಕೊಡಬಹುದಾ ಅಂತ ಕೇಳಿದ್ದಾರೆ. ಗ್ರಾಫಿನವರಿಗೆ ತೋರಿಸಿದೆ. ಈ ಸಲ ಅವರಾಗಿಯೇ ಮೊದಲು ಯಾವ ಹೊಲಿಗೆ, 10 ಸೆಂಟಿಮೀಟರಿಗೆ ಎಷ್ಟು ಅಂತ ಕೇಳಿದರು. ಆಮೇಲೆ ಹೇಳಿದರು, 22 ಬಣ್ಣ ಬೇಕು, ಕಿರೀಟದ ಮಿಣಿಮಿಣಿಯಲ್ಲಿ ಒಂಟಿ ಚೌಕ ತೆಗೆಯಲಿಕ್ಕೆ ಆಗುವುದಿಲ್ಲ ಅಂತ. ಭಾವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಮೆಸೇಜ್ ನೋಡಿಯೇ ಇಲ್ಲ ಅನ್ನೋಣ ಅಂದರೆ ನೀಲಿ ಗೀಟು ಬಿದ್ದುಬಿಟ್ಟಿದೆ.